ಶೀಟ್ ಹಾಸೋದು ಕೊನೆಗೆ, ಸ್ವಾಮಿ

ಮನೆ ಹಿತ್ತಲಲ್ಲಿ ಮೀನಿನ ಕೊಳ ಮಾಡಿಸಬೇಕು ಅಂತ ಫೋನ್ ಮಾಡುವವರು ಮೊದಲು ಕೇಳುವುದು ಒಂದೇ: "ಶೀಟ್ ಎಷ್ಟು ಮೈಕ್ರಾನ್ ದಪ್ಪದ್ದು ತಗೊಳ್ಳಲಿ?" ಕೆಲವರು ಆಗಲೇ ತಂದಿಟ್ಟಿರುತ್ತಾರೆ. ಇನ್ನು ಕೆಲವರು ಗುಂಡಿ ತೋಡಿಸಿ, ಶೀಟ್ ಹಾಸಿ, ಅಂಚಿಗೆ ಚಪ್ಪಡಿ ಕೂರಿಸಿ, ಫೋಟೋ ಕಳಿಸಿ ಕೇಳುತ್ತಾರೆ: "ಈಗ ಪೈಪ್ ಎಲ್ಲಿಂದ ಹಾಕ್ತೀರ?"

ಎಲ್ಲಿಂದ ಅಂತ ಹಾಕಲಿ?

ಈ ತಪ್ಪು ಎಲ್ಲಿಂದ ಬಂತು ಅಂತ ನನಗೆ ಒಂದು ಅಂದಾಜಿದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹಳ್ಳಿಯ ಕಡೆ ಕೃಷಿ ಹೊಂಡ, ಅದರ ಕಪ್ಪು ಶೀಟ್ ಎರಡೂ ಎಲ್ಲರಿಗೂ ಪರಿಚಯ. ಕೃಷಿ ಹೊಂಡದ ಕೆಲಸ ನೀರು ಹಿಡಿದಿಡುವುದು. ಅಲ್ಲಿ ಶೀಟೇ ಮುಖ್ಯ, ಸರಿ. ಮೀನಿನ ಕೊಳದಲ್ಲಿ ನೀರು ನಿಂತರೆ ಸಾಲದು, ತಿರುಗಬೇಕು. ತಿಂದುಳಿದ ಆಹಾರ, ಮೀನಿನ ಗಲೀಜು, ಉದುರಿದ ಎಲೆ ಎಲ್ಲಾ ತಳ ಸೇರಿ ಕೊಳೆಯುತ್ತದೆ, ಅಮೋನಿಯಾ ಆಗುತ್ತದೆ. ಅದು ಕಣ್ಣಿಗೆ ಕಾಣಲ್ಲ. ನೀರು ತಿಳಿಯಾಗಿಯೇ ಇರುತ್ತದೆ, ಮೀನು ಮಾತ್ರ ಬೆಳಗಾಗುವಷ್ಟರಲ್ಲಿ ತೇಲುತ್ತಿರುತ್ತದೆ. ಹಾಗಾಗಿ ತಳದ ಪೈಪ್ ಮೊದಲು, ಶೀಟ್ ಆಮೇಲೆ.

ಆ ಪೈಪ್ 4 ಇಂಚಿನದು ಅಂದ ತಕ್ಷಣ ಜಗಳ ಶುರು. "ಮೋಟರ್ ಬಾಯೇ ಒಂದೂವರೆ ಇಂಚು ಸಾರ್, ಇದ್ಯಾಕೆ ಟಾಯ್ಲೆಟ್ ಪೈಪ್?" ಪ್ಲಂಬರ್‌ಗಳೂ ಹೀಗೇ ಕೇಳುತ್ತಾರೆ. ನಿಧಾನವಾಗಿ ಹೇಳುತ್ತೇನೆ, ಒಂದ್ಸಲ ಕೇಳಿ. ತಳದ ಪೈಪನ್ನು ನೇರವಾಗಿ ಮೋಟರಿಗೆ ಕೊಡುವುದಿಲ್ಲ. ಅದು ಕೊಳದ ಪಕ್ಕದ ಚೇಂಬರಿಗೆ, ಅಂದರೆ ಒಂದು ಸಣ್ಣ ತೊಟ್ಟಿಗೆ ಹೋಗುತ್ತದೆ. ಮೋಟರ್ ನಿಂತಿರುವಾಗ ಚೇಂಬರಿನಲ್ಲೂ ಕೊಳದಲ್ಲೂ ನೀರಿನ ಮಟ್ಟ ಒಂದೇ. ಮೋಟರ್ ಚೇಂಬರಿನಿಂದ ನೀರೆತ್ತಿದಾಗ ಅಲ್ಲಿ ಒಂದೆರಡು ಇಂಚು ಇಳಿಯುತ್ತದೆ. ಅದನ್ನು ತುಂಬಲು ಕೊಳದ ನೀರು ತಾನಾಗಿ ಹರಿದು ಬರಬೇಕು. ಅದನ್ನು ತಳ್ಳುವುದು ಆ ಒಂದೆರಡು ಇಂಚಿನ ವ್ಯತ್ಯಾಸ ಮಾತ್ರ, ಬೇರೆ ಏನೂ ಇಲ್ಲ. ಮೋಟರಿನಿಂದ ಆಚೆ ಹೋಗುವ ಪೈಪಿನಲ್ಲಿ ಒತ್ತಡ ಇದೆ, ಅಲ್ಲಿ ಒಂದೂವರೆ ಇಂಚು ಸಾಮಾನ್ಯವಾಗಿ ಸಾಕು. ಇಲ್ಲಿ ಒತ್ತಡವೇ ಇಲ್ಲ, ಅದಕ್ಕೇ ದಾರಿ ಅಗಲ ಬೇಕು. 4 ಇಂಚಿನ ಪೈಪಿನ ಬಾಯಿ ಒಂದೂವರೆ ಇಂಚಿನದಕ್ಕಿಂತ ಸುಮಾರು 7 ಪಟ್ಟು ದೊಡ್ಡದು, ಲೆಕ್ಕ ಹಾಕಿ ನೋಡಿ. ಸಣ್ಣದು ಹಾಕಿದರೆ ಬರುವ ನೀರು ಸಾಲದೆ ಚೇಂಬರ್ ಬರಿದಾಗುತ್ತದೆ, ಮೋಟರ್ ಗಾಳಿ ಎಳೆದು ಸುಟ್ಟುಹೋಗುತ್ತದೆ. ಆಗ ಬೈಗುಳ ಮೋಟರಿನ ಕಂಪನಿಗೆ.

ಇಷ್ಟು ಅಗಲದ ಪೈಪಿನಲ್ಲಿ ನೀರು ನಿಧಾನ, ಹಾಗಾಗಿ ಸ್ವಲ್ಪ ಕೆಸರು ಒಳಗೇ ಕೂರುತ್ತದೆ. ಚೇಂಬರಿನಿಂದ ಒಂದು ವಾಲ್ವ್ ಇಟ್ಟು ವಾರಕ್ಕೊಮ್ಮೆ ರಭಸವಾಗಿ ಬಿಡಿ. ಆ ನೀರನ್ನು ಬಾಳೆ ಬುಡಕ್ಕೆ ತಿರುಗಿಸಿದರೆ ಗೊಬ್ಬರದ ಖರ್ಚೂ ಉಳಿಯುತ್ತದೆ.

ಮೈಸೂರಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ತಮ್ಮನ ಕೃಷಿ ಹೊಂಡದಲ್ಲಿ ಉಳಿದ 500 ಮೈಕ್ರಾನಿನ ಎಚ್‌ಡಿಪಿಇ ಪ್ಲಾಸ್ಟಿಕ್ ಶೀಟ್ ತಂದು ಹಾಸಿದ್ದರು. ಆಮೇಲೆ ಯಾರೋ ಅದಕ್ಕೆ ತೂತು ಕೊಯ್ದು, ಪೈಪ್ ತೂರಿಸಿ, ಸುತ್ತ ಸಿಲಿಕೋನ್ ಬಳಿದಿದ್ದಾರೆ. ಎಚ್‌ಡಿಪಿಇಗೆ ಸಿಲಿಕೋನ್ ಅಂಟುವುದಿಲ್ಲ. ಒಣಗಿದ ಮೇಲೆ ಉಗುರಿನಲ್ಲಿ ಎತ್ತಿದರೆ ಸಿಪ್ಪೆಯಂತೆ ಬರುತ್ತದೆ, ನಾನೇ ಎತ್ತಿ ತೋರಿಸಿದೆ. ದಿನಾ ಬೆಳಿಗ್ಗೆ ನೀರು ನಾಲ್ಕು ಬೆರಳು ಕೆಳಗೆ. ಮೇಷ್ಟ್ರು ಪಕ್ಕದ ತೆಂಗಿನ ಮರದ ಮೇಲೆ ಅನುಮಾನಪಟ್ಟಿದ್ದರು. ಕಾಫಿ ತಂದ ಅವರ ಮನೆಯವರು ಹೇಳಿದರು, "ಒಂದು ನಲ್ಲಿ ತೊಟ್ಟಿ ತುಂಬಿಸ್ತದೆ, ಇನ್ನೊಂದು ಖಾಲಿ ಮಾಡ್ತದೆ ಅನ್ನೋ ಲೆಕ್ಕನ ಎಷ್ಟು ವರ್ಷ ಮಾಡಿಸಿದಾರೋ ಇವರು!" ಮೇಷ್ಟ್ರು ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದರು.

ಸರಿಯಾದ ಕ್ರಮ ಹೀಗೆ. ಪೈಪ್ ಹೂತು, ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು ನೋಡಿ. ಡ್ರೈನಿನ ಫ್ಲ್ಯಾಂಜನ್ನು, ಅಂದರೆ ಪೈಪಿನ ಬಾಯಿಗೆ ಕೂರುವ ಸ್ಕ್ರೂ ತೂತುಗಳಿರುವ ಚಪ್ಪಟೆ ಬಳೆಯನ್ನು, ತಳದ ಕಾಂಕ್ರೀಟಿನಲ್ಲಿ ಮಟ್ಟವಾಗಿ ಕೂರಿಸಿ. ಅದರ ಮೇಲೆ ಶೀಟ್ ಎಳೆದು, ಸ್ಕ್ರೂ ತೂತುಗಳನ್ನು ಬೆರಳಲ್ಲಿ ತಡವಿ ಹುಡುಕಿ. ಮೇಲಿನ ರಿಂಗ್ ಇಟ್ಟು, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ನೀರು ತಡೆಯುವುದು ಈ ಬಿಗಿತ, ಅಂಟಲ್ಲ. ಎಲ್ಲಾ ಬಿಗಿಯಾದ ಮೇಲೆ ರಿಂಗಿನ ಒಳಗೆ ಬ್ಲೇಡ್ ಹಾಕಿ. ಮೊದಲೇ ಕೊಯ್ದರೆ ಶೀಟ್ ಜರುಗಿ ಎಲ್ಲಾ ಹಾಳು.

ಶೀಟಿನ ಅಳತೆಗೆ ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆ ಎರಡೂ ಕಡೆ 1 ಅಡಿ ಬಿಡಿ. ಅಗಲಕ್ಕೂ ಹಾಗೇ. 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳಕ್ಕೆ 18 ಅಡಿಗೆ 14 ಅಡಿ ಶೀಟ್. ಹಿಡಿಯುವ ನೀರು ಸುಮಾರು 5,000 ಲೀಟರ್. ಮೂಲೆ ತಿರುವು ಜಾಸ್ತಿ ಇದ್ದರೆ ಇಪಿಡಿಎಂ ರಬ್ಬರ್ ಶೀಟ್ ಒಳ್ಳೆಯದು, ಮೆತ್ತಗೆ ಕೂರುತ್ತದೆ, ದುಬಾರಿ. ಕೆಳಗೆ ಮರಳೋ ಹಳೇ ಕಾರ್ಪೆಟ್ಟೋ ಹಾಸಿ. ಗೋಣಿಚೀಲ ಬೇಡ, ಕೊಳೆತುಹೋಗುತ್ತದೆ. ಅಂಚಿನ ಶೀಟನ್ನು ನೀರು ತುಂಬಿದ ಮೇಲಷ್ಟೇ ಕತ್ತರಿಸಿ, ಅಲ್ಲಿಯವರೆಗೆ ಅದು ಒಳಕ್ಕೆ ಎಳೆದುಕೊಳ್ಳುತ್ತಲೇ ಇರುತ್ತದೆ.

ಆಗಲೇ ಹಾಸಿ ಆಗಿದೆಯಾ? ಹಾಗಾದರೆ ದಯವಿಟ್ಟು ತೂತು ಮಾಡಬೇಡಿ. ಆಳದ ಜಾಗದಲ್ಲಿ ಮುಳುಗುವ ಪಂಪ್ ಇಟ್ಟು, ಪೈಪನ್ನು ಅಂಚಿನ ಮೇಲಿಂದ ಫಿಲ್ಟರಿಗೆ ತನ್ನಿ. ನೋಡಲು ಅಷ್ಟು ಚೆಂದ ಇರಲ್ಲ, ತಳ ಅಷ್ಟು ಚೊಕ್ಕಟವೂ ಆಗಲ್ಲ, ಆದರೆ ನೀರು ಸೋರಲ್ಲ. ಕರೆಂಟಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಲೇಬೇಕು, ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ. ಕಾಂಪೌಂಡ್ ಗೋಡೆ ಪಕ್ಕ ತೋಡುವುದಾದರೆ ಎಂಜಿನಿಯರಿಗೆ ತೋರಿಸಿ. ಮಣ್ಣು ನೋಡದೆ ನಾನು ಏನೂ ಹೇಳಲಾರೆ.

ಮಳೆ ನೀರು ಹೊರಹೋಗಲು ಅಂಚಿಗಿಂತ 2 ಇಂಚು ಕೆಳಗೆ ಇನ್ನೊಂದು ಪೈಪ್ ಬೇಕು. ಅದರ ಬಾಯಿಗೆ ಜಾಲರಿ ಕಟ್ಟಿ. ಇಲ್ಲದಿದ್ದರೆ ಮೊದಲ ಜೋರು ಮಳೆಗೇ ನಿಮ್ಮ ಗಪ್ಪಿಗಳೆಲ್ಲಾ ಮೋರಿ ಪಾಲು.