‘ಸಕ್ಸೆಷನ್’ ಸರಣಿಯ ರಾಯ್ ಕುಟುಂಬ ಮರ್ಡೋಕ್ ಕುಟುಂಬವೇ?

ಪ್ರಶ್ನೆ: ಎಚ್‌ಬಿಒ ಸರಣಿ ‘ಸಕ್ಸೆಷನ್’ನಲ್ಲಿರುವುದು ಮಾಧ್ಯಮ ದೊರೆ ರೂಪರ್ಟ್ ಮರ್ಡೋಕ್ ಅವರ ಮನೆಯ ಕಥೆಯೇ ಎನ್ನುತ್ತಾರೆ. ಇದು ಎಷ್ಟು ನಿಜ?

ಉತ್ತರ: ಕಥೆಯ ಬೇರು ಆ ಮನೆಯಲ್ಲಿದೆ, ಆದರೆ ಕಥೆ ಪೂರ್ತಿಯಾಗಿ ಆ ಮನೆಯದಲ್ಲ. ಸರಣಿಯನ್ನು ರೂಪಿಸಿದ ಬ್ರಿಟಿಷ್ ಲೇಖಕ ಜೆಸ್ಸಿ ಆರ್ಮ್‌ಸ್ಟ್ರಾಂಗ್ 2010ರ ಸುಮಾರಿಗೆ ಮರ್ಡೋಕ್ ಹೆಸರಿನಲ್ಲಿಯೇ ಒಂದು ಚಿತ್ರಕಥೆ ಬರೆದಿದ್ದರು; ಅದು ತೆರೆಗೆ ಬರಲಿಲ್ಲ. 2018ರಿಂದ 2023ರವರೆಗೆ ನಾಲ್ಕು ಸೀಸನ್‌ಗಳಲ್ಲಿ ಪ್ರಸಾರವಾದ ‘ಸಕ್ಸೆಷನ್’ಗಾಗಿ ಅವರು ರಾಯ್ ಎಂಬ ಕಲ್ಪಿತ ಕುಟುಂಬವೊಂದನ್ನು ಕಟ್ಟಿ, ಅಮೆರಿಕದ ಮಾಧ್ಯಮ ಸಂಸ್ಥೆಗಳಾದ ವಯಾಕಾಮ್ ಮತ್ತು ಸಿಬಿಎಸ್‌ಗಳ ಒಡೆಯ ಸಮ್ನರ್ ರೆಡ್‌ಸ್ಟೋನ್, ಬ್ರಿಟನ್ನಿನ ಪತ್ರಿಕಾ ಮಾಲೀಕ ರಾಬರ್ಟ್ ಮ್ಯಾಕ್ಸ್‌ವೆಲ್ ಮೊದಲಾದವರ ಮನೆಗಳಿಂದಲೂ ಅದಕ್ಕೆ ಬೇಕಾದುದನ್ನು ತಂದುಕೊಂಡರು.

ಹೋಲಿಕೆಗಳು ಮೇಲ್ನೋಟಕ್ಕೇ ಕಾಣುತ್ತವೆ. ರಾಯ್‌ಗಳ ಎಟಿಎನ್ ಸುದ್ದಿವಾಹಿನಿ ಮರ್ಡೋಕ್ ಅವರ ಫಾಕ್ಸ್ ನ್ಯೂಸ್ ಅನ್ನು ನೆನಪಿಸುತ್ತದೆ. ರಾಯ್‌ಗಳ ಕಂಪನಿಯ ವಿಹಾರನೌಕೆಗಳ ಹಗರಣ ಕುರಿತ ಸಂಸದೀಯ ವಿಚಾರಣೆ, ತಮ್ಮ ಪತ್ರಿಕೆಯ ಫೋನ್ ಹ್ಯಾಕಿಂಗ್ ಹಗರಣಕ್ಕಾಗಿ 2011ರಲ್ಲಿ ಮರ್ಡೋಕ್ ತಂದೆ-ಮಗ ಬ್ರಿಟನ್ನಿನ ಸಂಸದರ ಮುಂದೆ ಕುಳಿತದ್ದನ್ನು ನೆನಪಿಸುತ್ತದೆ. ದೊಡ್ಡ ಕಂಪನಿಗೆ ಸಂಸ್ಥೆಯನ್ನು ಮಾರುವ ಎಳೆಯೂ ಎರಡೂ ಕಡೆ ಇದೆ: 2019ರಲ್ಲಿ ಮರ್ಡೋಕ್ ತಮ್ಮ ಮನರಂಜನಾ ಉದ್ಯಮದ ಬಹುಭಾಗವನ್ನು ಡಿಸ್ನಿಗೆ ಸುಮಾರು 71 ಶತಕೋಟಿ ಡಾಲರಿಗೆ ಮಾರಿದರು. (ನಮ್ಮ ಸ್ಟಾರ್ ಸುವರ್ಣ ವಾಹಿನಿ ಡಿಸ್ನಿಯ ಕೈಸೇರಿದ್ದೂ ಇದೇ ಮಾರಾಟದಲ್ಲಿ.)

ವ್ಯತ್ಯಾಸಗಳೇ ನನಗೆ ಹೆಚ್ಚು ಮುಖ್ಯವೆನಿಸುತ್ತವೆ. ರಾಯ್ ಕುಟುಂಬದ ಯಜಮಾನ ಲೋಗನ್ ರಾಯ್ ಸ್ಕಾಟ್ಲೆಂಡಿನ ಡಂಡೀಯಿಂದ ಬರಿಗೈಯಲ್ಲಿ ಬಂದು ಸಾಮ್ರಾಜ್ಯ ಕಟ್ಟಿದವನು. ಮರ್ಡೋಕ್ ಅವರಾದರೋ 1952ರಲ್ಲಿ ತೀರಿಕೊಂಡ ತಂದೆಯಿಂದ ಅಡಿಲೇಡಿನ ಪತ್ರಿಕೆಯನ್ನು ಪಡೆದ ವಾರಸುದಾರರು. ಸರಣಿಯಲ್ಲಿ ಲೋಗನ್ ಸತ್ತ ಮೇಲೆ ಸಿಗುವುದು ಉತ್ತರಾಧಿಕಾರಿಯ ಹೆಸರಿರುವ ಒಂದು ಕಾಗದ ಮಾತ್ರ, ಅದರಲ್ಲಿ ಮಗ ಕೆಂಡಾಲ್ ಹೆಸರಿನ ಬಳಿ ಎಳೆದ ಗೆರೆ ಒತ್ತು ಕೊಡಲೋ ಹೊಡೆದುಹಾಕಲೋ ಎಂಬುದೇ ತಿಳಿಯುವುದಿಲ್ಲ; ವಿಡಂಬನೆಯ ಹರಿತವೆಲ್ಲ ಈ ಅನಿಶ್ಚಯದಲ್ಲಿದೆ, ಏಕೆಂದರೆ ಮಕ್ಕಳನ್ನು ಹತೋಟಿಯಲ್ಲಿಡಲು ಲೋಗನ್‌ಗೆ ಇದ್ದ ಅಸ್ತ್ರವೇ ಅದು. ಮರ್ಡೋಕ್ ಮನೆಯಲ್ಲಿ ಇಂಥ ಅನಿಶ್ಚಯ ಇರಲಿಲ್ಲ. ರೂಪರ್ಟ್ ಅವರ 1999ರ ವಿಚ್ಛೇದನದ ಹೊತ್ತಿಗೆ ರೂಪುಗೊಂಡ, ಕಂಪನಿಗಳ ಹಿಡಿತವಿದ್ದ ಕುಟುಂಬ ಟ್ರಸ್ಟ್‌ನಲ್ಲಿ ಅವರಿಗೆ ನಾಲ್ಕು ಮತಗಳಿದ್ದವು, ಮಕ್ಕಳಾದ ಪ್ರೂಡೆನ್ಸ್, ಎಲಿಸಬೆತ್, ಲಾಕ್ಲನ್, ಜೇಮ್ಸ್ ಅವರಿಗೆ ತಲಾ ಒಂದು. ತಂದೆಯ ಕಾಲಾನಂತರ ನಾಲ್ವರದೂ ಸಮಬಲವೆಂಬುದು ಮೊದಲೇ ಬರೆದಿಟ್ಟ ಮಾತಾಗಿತ್ತು. ಅವರ ಜಗಳ ಉತ್ತರಾಧಿಕಾರಿಯನ್ನು ಹೆಸರಿಸದೆ ಹೋದದ್ದರಿಂದಲ್ಲ, ಬರೆದದ್ದನ್ನು ತಿದ್ದಲು ಹೊರಟದ್ದರಿಂದ ಹುಟ್ಟಿತು.

ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು: ಸರಣಿ ಮರ್ಡೋಕ್ ಮನೆಯನ್ನು ತಟ್ಟಿತೇ? ಲೋಗನ್ ಹಠಾತ್ತನೆ ಸಾಯುವ ಕಂತು 2023ರ ಏಪ್ರಿಲ್‌ನಲ್ಲಿ ಪ್ರಸಾರವಾದ ಮೇಲೆ, ತಮ್ಮ ತಂದೆ ತೀರಿಕೊಂಡಾಗ ಸಾರ್ವಜನಿಕವಾಗಿ ಹೇಗೆ ನಡೆದುಕೊಳ್ಳಬೇಕೆಂದು ಮರ್ಡೋಕ್ ಮಕ್ಕಳು ಚರ್ಚಿಸತೊಡಗಿದರೆಂದೂ, ಎಲಿಸಬೆತ್ ಪರ ಪ್ರತಿನಿಧಿ ‘ಸಕ್ಸೆಷನ್’ ಹೆಸರಿನ ಟಿಪ್ಪಣಿಯನ್ನೇ ಬರೆದರೆಂದೂ ನೆವಾಡಾ ನ್ಯಾಯಾಲಯದ ಕಮಿಷನರ್ ತೀರ್ಪಿನಲ್ಲಿ ದಾಖಲಾಗಿದೆ. ಟ್ರಸ್ಟನ್ನು ಬದಲಿಸಿ ಹಿಡಿತವನ್ನೆಲ್ಲ ಲಾಕ್ಲನ್‌ಗೆ ಕೊಡುವ ರೂಪರ್ಟ್ ಅವರ ಪ್ರಯತ್ನವನ್ನು 2024ರ ಡಿಸೆಂಬರಿನಲ್ಲಿ ಅದೇ ತೀರ್ಪು ತಳ್ಳಿಹಾಕಿತು. 2025ರ ಸೆಪ್ಟೆಂಬರಿನಲ್ಲಿ ರಾಜಿಯಾಯಿತು: ನಿಯಂತ್ರಣ ಲಾಕ್ಲನ್‌ಗೆ ಉಳಿಯಿತು, ಉಳಿದ ಮೂವರು ತಲಾ ಸುಮಾರು 1.1 ಶತಕೋಟಿ ಡಾಲರ್ ಪಡೆದು ಟ್ರಸ್ಟ್‌ನಿಂದ ಹೊರನಡೆದರು.