ಮಂಡ್ಯದ ಭಾಷಣದಲ್ಲಿ ಒಂದು ‘ರೆ’

ಎಲೆಕ್ಷನ್ ಬಂತೆಂದರೆ ಮಂಡ್ಯದ ವೇದಿಕೆಗಳಲ್ಲಿ ಮೈಶುಗರ್ ಮಾತು ಬಂದೇ ಬರುತ್ತದೆ. 1933ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆ. ಅದು ನಿಂತಿದ್ದ ವರ್ಷಗಳಲ್ಲಿ ಮೈಕ್ ಹಿಡಿದವರೆಲ್ಲ ಅದನ್ನು ಬಾಯಲ್ಲೇ ಓಡಿಸಿದರು. ಅಂಥದೊಂದು ಸಭೆಯಲ್ಲಿ ಪಕ್ಕದಲ್ಲಿದ್ದ ಕಬ್ಬು ಬೆಳೆಗಾರರೊಬ್ಬರು ನನ್ನನ್ನು ಕೇಳಿದರು: ‘ಮಾಡ್ತೀನಿ ಅಂದ್ನಾ, ಮಾಡಿಸ್ತೀನಿ ಅಂದ್ನಾ?’ ಮಾಡಿಸ್ತೀನಿ ಅಂದಿದ್ದರು. ಅವರು ಟವೆಲ್ ಕೊಡವಿ ಎದ್ದು ಹೋದರು.

ಸರಿಯಾಗೇ ಕೇಳಿದ್ದರು. ‘ಮಾಡ್ತೀನಿ’ ಅಂದರೆ ಹೊಣೆ ನನ್ನದು. ‘ಮಾಡಿಸ್ತೀನಿ’ ಅಂದರೆ ಮಾಡಬೇಕಾದವರು ಬೇರೆ ಯಾರೋ. ‘ಮಾಡಲಾಗುವುದು’ ಅಂದರೆ ಯಾರೂ ಇಲ್ಲ, ಅದು ಪ್ರಣಾಳಿಕೆಯ ಕನ್ನಡ. ‘ಪ್ರಾಮಾಣಿಕ ಪ್ರಯತ್ನ’ವಂತೂ ಬಿಡಿ.

2018ರಲ್ಲಿ ಜೆಡಿಎಸ್‌ನ ಕುಮಾರಸ್ವಾಮಿಯವರು ಪೂರ್ಣ ಬಹುಮತ ಕೊಟ್ಟರೆ 24 ಗಂಟೆಯೊಳಗೆ ರೈತರ ಸಾಲ ಮನ್ನಾ ಅಂದರು. ಮಂಡ್ಯ ಜಿಲ್ಲೆ ಏಳಕ್ಕೆ ಏಳೂ ಕ್ಷೇತ್ರ ಕೊಟ್ಟಿತು. ರಾಜ್ಯದಲ್ಲಿ ಬಂದದ್ದು 37, ಬಹುಮತವಲ್ಲ. ಕಾಂಗ್ರೆಸ್ ಜೊತೆ ಸೇರಿ ಮುಖ್ಯಮಂತ್ರಿಯಾದರು. ಸಾಲಮನ್ನಾ ಬಂದದ್ದು ಜುಲೈ ಬಜೆಟ್ಟಿನಲ್ಲಿ, ಮಿತಿ ಹಾಕಿಕೊಂಡು. ಜನ ನೆನಪಿಟ್ಟದ್ದು 24 ಗಂಟೆಯನ್ನು, ಅವರು ನೆನಪಿಸಿದ್ದು ‘ಕೊಟ್ಟರೆ’ಯನ್ನು. ಭಾಷಣದಲ್ಲಿ ಆ ‘ರೆ’ ಯಾರ ಕಿವಿಗೂ ಬೀಳುವುದಿಲ್ಲ, ಚಪ್ಪಾಳೆ ಜಾಸ್ತಿ ಅಲ್ವಾ?

ಮಾರನೇ ವರ್ಷ ಲೋಕಸಭೆಗೆ ನಿಂತ ಸುಮಲತಾ ಬೇರೆ ದಾರಿ ಹಿಡಿದರು. ಮಂಡ್ಯದ ಸೊಸೆ, ಸ್ವಾಭಿಮಾನ. ಪತಿ ಅಂಬರೀಷ್ 2007ರಲ್ಲಿ ಕಾವೇರಿ ತೀರ್ಪು ಬಂದಾಗ ಕೇಂದ್ರ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದನ್ನು ಊರು ಮರೆತಿರಲಿಲ್ಲ. ಪಕ್ಷೇತರರಾಗಿ 1,25,876 ಮತಗಳಿಂದ ಗೆದ್ದರು. ಸೊಸೆ ಅನ್ನೋದು ಭರವಸೆ ಅಲ್ಲ, ಸಂಬಂಧ. ಸಂಬಂಧದ ಹತ್ತಿರ ಲೆಕ್ಕ ಕೇಳೋದು ಕಷ್ಟ.

ಕೋರ್ಟು ಕೂಡ ಕೇಳುವುದಿಲ್ಲ. ಪ್ರಣಾಳಿಕೆಯ ಭರವಸೆ ಚುನಾವಣಾ ಅಕ್ರಮವಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು.

2023ರಲ್ಲಿ ಮಾತು ಕಾಗದಕ್ಕಿಳಿಯಿತು. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಸಹಿ ಇದ್ದ ಕಾಂಗ್ರೆಸ್ಸಿನ ಗ್ಯಾರಂಟಿ ಕಾರ್ಡು ಮನೆಮನೆಗೆ ಬಂತು. ಗ್ಯಾರಂಟಿ ಅಂಗಡಿಯ ಪದ, ಮಿಕ್ಸಿ, ಫ್ಯಾನಿಗೆ ಕೇಳುತ್ತಿದ್ದದ್ದು. ಜೊತೆಗೆ ಅಳತೆಯೂ ಇತ್ತು: ತಿಂಗಳಿಗೆ 2,000 ರೂಪಾಯಿ, 200 ಯೂನಿಟ್ ಕರೆಂಟು, 10 ಕೆ.ಜಿ. ಅಕ್ಕಿ. ಮಂಡ್ಯದ ಏಳರಲ್ಲಿ ಐದು ಕಾಂಗ್ರೆಸ್ಸಿಗೆ ಹೋದವು. ಆಗಸ್ಟ್ 30ರಂದು ಮೈಸೂರಿನಲ್ಲೇ ಮನೆಯೊಡತಿಗೆ ಆ 2,000 ಕೊಡುವ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ಮರುವರ್ಷದ ಲೋಕಸಭೆಗೆ ಬಿಜೆಪಿಯೂ ‘ಮೋದಿ ಗ್ಯಾರಂಟಿ’ ಅಂತ ಅದೇ ಪದ ಹಿಡಿಯಿತು.

ಈಗ ನಮ್ಮ ಬೀದಿಯ ಅಜ್ಜಿಯೊಬ್ಬರು ಭಾಷಣದ ಬಗ್ಗೆ ಏನೂ ಕೇಳುವುದಿಲ್ಲ. ಆಗಾಗ ಮೊಬೈಲ್ ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ‘ಈ ತಿಂಗಳ್ದು ಬಂದೈತಾ, ಸ್ವಲ್ಪ ನೋಡಪ್ಪ.’