ಹತೋಟಿಗೆ ಬಾರದ ದಮ್ಮು ಮತ್ತು ಚೀನೀ ಗಿಡಮೂಲಿಕೆ: ಕೂಡಿಸುವ ಮುಂಚೆ ಏನು ನೋಡಬೇಕು

ಮೃಗಶಿರ ಮಳೆ ಕೂಡುವ ಹೊತ್ತಿಗೆ ಕೊಪ್ಪಳ ತಾಲೂಕಿನ ಕುಟುಗನಹಳ್ಳಿಗೆ ದಮ್ಮಿನ, ಅಂದರೆ ಅಸ್ತಮಾದ, ಔಷಧಕ್ಕೆ ಜನ ಬರುತ್ತಾರೆ. ರಾಯಚೂರು ಕಡೆಯ ಕೆಲವರು ಮೀನಿನ ಔಷಧಕ್ಕೆ ಹೈದರಾಬಾದಿಗೆ ಹೋಗುತ್ತಾರೆ. ಪಂಪೂ (ಇನ್‌ಹೇಲರ್) ಇರಲಿ, ಗಿಡಮೂಲಿಕೆಯೂ ಇರಲಿ ಅನ್ನುವವರು ನಮ್ಮಲ್ಲಿ ಬಹಳ. ಹಾಗಾಗಿ ಚೀನೀ ಮೂಲಿಕೆಯ ಪಾಠವನ್ನು ನಮ್ಮ ವಾರ್ಡಿನ ರೋಗಿಯನ್ನೇ ಮುಂದಿಟ್ಟುಕೊಂಡು ಓದೋಣ.

ಮೊದಲು, ಯಾವುದು ಕಷ್ಟದ ಅಸ್ತಮಾ? ಸಾಕಷ್ಟು ಡೋಸಿನ ಸ್ಟೀರಾಯ್ಡ್ ಪಂಪು, ಅದರ ಜೊತೆ ಇನ್ನೊಂದು ಔಷಧ ಕೊಟ್ಟರೂ ಹತೋಟಿಗೆ ಬಾರದ್ದು. ನೆದರ್‌ಲೆಂಡ್ಸಿನ ಒಂದು ಅಧ್ಯಯನದಲ್ಲಿ ಅಸ್ತಮಾ ಇರುವ ದೊಡ್ಡವರಲ್ಲಿ ಸುಮಾರು 17% ಜನ ಈ ಗುಂಪಿಗೆ ಬಂದರು. ಔಷಧ ತಪ್ಪಿಸದೆ, ಪಂಪು ಸರಿಯಾಗಿ ಎಳೆದೂ ಹತೋಟಿಗೆ ಬಾರದವರು 3.7% ಮಾತ್ರ. ಎಷ್ಟು ದೊಡ್ಡ ಅಂತರ ನೋಡಿ! ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲಿಯೊಬ್ಬರು ಬಂದರೆ, ಪಂಪನ್ನು ಅವರ ಕೈಗೇ ಕೊಟ್ಟು ಎಳೆಯಲು ಹೇಳಬೇಕು. ಒತ್ತಿದ ಮೇಲೆ ತಡವಾಗಿ ಉಸಿರು ಎಳೆಯುತ್ತಾರಾ? ಎಳೆದ ಕೂಡಲೇ ಬಿಟ್ಟುಬಿಡುತ್ತಾರಾ? ತೌಡಿನ ದೂಳಿಗೆ ಮೂಗಿಗೆ ಬಟ್ಟೆಯಾದರೂ ಕಟ್ಟುತ್ತಾರಾ? ಇದಿಷ್ಟೂ ನೋಡದೆ ಮೂಲಿಕೆಯ ಮಾತಿಗೆ ಹೋಗಬಾರದು.

ಈಗ ಮೂಲಿಕೆ. ಎಲ್ಲರೂ ಹೇಳುವುದು 2005ರಲ್ಲಿ ಪ್ರಕಟವಾದ, ಆಶ್ಮಿ (ASHMI) ಎಂಬ ಚೀನೀ ಮೂಲಿಕೆ ಮಿಶ್ರಣದ ಪ್ರಯೋಗ. ಅದರಲ್ಲಿ ಮೂರು ಮೂಲಿಕೆಗಳು: ಲಿಂಗ್ ಝಿ ಎಂಬ ಅಣಬೆ, ಕು ಶೆನ್ ಎಂಬ ಬೇರು, ಮತ್ತೆ ಚೀನಾದ ಜ್ಯೇಷ್ಠಮಧು. 91 ರೋಗಿಗಳು, ನಾಲ್ಕು ವಾರ. ಒಂದು ಗುಂಪಿಗೆ ಮೂಲಿಕೆ, ಇನ್ನೊಂದಕ್ಕೆ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಗುಳಿಗೆ. ಶ್ವಾಸಕೋಶದ ಕೆಲಸ ಎರಡರಲ್ಲೂ ಸುಧಾರಿಸಿತು, ಪ್ರೆಡ್ನಿಸೋನ್‌ನಲ್ಲಿ ಸ್ವಲ್ಪ ಜಾಸ್ತಿ. ಆದರೆ ರಕ್ತದ ಕಾರ್ಟಿಸಾಲ್ (ದೇಹ ತಾನೇ ತಯಾರಿಸುವ ಸ್ಟೀರಾಯ್ಡ್) ಮೂಲಿಕೆಯ ಗುಂಪಿನಲ್ಲಿ ಏರಿತು, ಪ್ರೆಡ್ನಿಸೋನ್ ಗುಂಪಿನಲ್ಲಿ ಇಳಿಯಿತು. ಇದು ನಿಜಕ್ಕೂ ಆಸೆ ಹುಟ್ಟಿಸುವ ಫಲಿತಾಂಶ. ಆದರೂ ಗಮನಿಸಿ, ಅಲ್ಲಿ ಮೂಲಿಕೆಯನ್ನು ಗುಳಿಗೆಯ ಎದುರಿಗೆ ಇಟ್ಟು ನೋಡಿದ್ದಾರೆ. ನಮ್ಮ ರೋಗಿ ಕೇಳುವುದು ಎರಡನ್ನೂ ಒಟ್ಟಿಗೆ ತಗೋಬಹುದಾ ಅಂತ. ಅದೂ ನಾಲ್ಕು ವಾರಕ್ಕಲ್ಲ, ವರ್ಷಗಟ್ಟಲೆ. ಪರೀಕ್ಷೆಯಲ್ಲಿ ಈ ಪ್ರಯೋಗವನ್ನು ಬರೆಯುವಾಗ ಈ ಮಾತನ್ನು ಬಿಡಬೇಡಿ.

ಒಟ್ಟಿಗೆ ತಗೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಜ್ಯೇಷ್ಠಮಧುವೇ ಒಳ್ಳೆಯ ಉದಾಹರಣೆ. ಕೆಮ್ಮಿಗೆ ಅಂತ ನಮ್ಮ ಗ್ರಂಧಿಗೆ ಅಂಗಡಿಗಳಲ್ಲೂ ಸಿಗುತ್ತದೆ, ಅಲ್ವಾ? ಅದರಲ್ಲಿರುವ ಗ್ಲಿಸಿರೈಜಿನ್, ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಕಿಡ್ನಿ ಉಪ್ಪು-ನೀರು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಹಾಕುತ್ತದೆ, ಬಿಪಿ ಏರುತ್ತದೆ. ಉಸಿರುನಾಳ ಸಡಿಲಿಸಲು ಕೊಡುವ ಸಾಲ್ಬುಟಮಾಲ್ ಪೊಟ್ಯಾಸಿಯಂ ಅನ್ನು ರಕ್ತದಿಂದ ಜೀವಕೋಶದೊಳಗೆ ತಳ್ಳುತ್ತದೆ. ಸ್ಟೀರಾಯ್ಡ್ ಗುಳಿಗೆಯೂ ಪೊಟ್ಯಾಸಿಯಂ ಇಳಿಸುತ್ತದೆ. ಮೂರೂ ಕೂಡಿದರೆ ಕಾಲು ಸೋಲುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಎದೆ ಡವಡವ ಅನ್ನುತ್ತದೆ. ಸುಸ್ತನ್ನು ದಮ್ಮಿನ ಲೆಕ್ಕಕ್ಕೇ ಹಾಕಿ, ನೆಬ್ಯುಲೈಜರ್‌ನಲ್ಲಿ ಸಾಲ್ಬುಟಮಾಲ್ ಮತ್ತೆ ಮತ್ತೆ ಕೊಟ್ಟರೆ ಪೊಟ್ಯಾಸಿಯಂ ಇನ್ನೂ ಇಳಿಯುತ್ತದೆ.

ಮಾ ಹುವಾಂಗ್ ಎಂಬ ಇನ್ನೊಂದು ಚೀನೀ ಮೂಲಿಕೆಯಲ್ಲಿ (ಎಫಿಡ್ರಾ ಗಿಡ) ಎಫಿಡ್ರಿನ್ ಇದೆ. ಉಸಿರುನಾಳ ಸಡಿಲಿಸುತ್ತದೆ ನಿಜ, ಆದರೆ ಬಿಪಿ, ಹೃದಯದ ಬಡಿತ ಎರಡೂ ಏರುತ್ತವೆ. ಎಫಿಡ್ರಾ ಇರುವ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು.

ಹೆಸರಿಲ್ಲದ ಪುಡಿಯ ಬಗ್ಗೆ ನನಗೆ ಹೆಚ್ಚು ಭಯ. ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಬೇರೆ ಬೇರೆ ದೇಶಗಳಲ್ಲಿ ಪತ್ತೆಯಾಗಿದೆ. ಎರಡೇ ದಿನಕ್ಕೆ ಪವಾಡದಂತೆ ಆರಾಮಾಯಿತು ಅಂದರೆ ಅನುಮಾನ ಪಡಬೇಕು. ಅದನ್ನು ನಂಬಿ ರೋಗಿ ಪಂಪು ಬಿಟ್ಟರೆ ದಮ್ಮು ಕೆರಳುತ್ತದೆ. ಬಹಳ ದಿನದಿಂದ ನುಂಗುತ್ತಿದ್ದ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ತಟ್ಟನೆ ನಿಲ್ಲಿಸಿದರಂತೂ ದೇಹಕ್ಕೆ ಬೇಕಾದ ಕಾರ್ಟಿಸಾಲೇ ಸಿಗದೆ ಜೀವಕ್ಕೆ ಅಪಾಯ.

ಆದ್ದರಿಂದ ಕೇಸ್ ಶೀಟ್ ಬರೆಯುವಾಗ ಬಾಯಿಬಿಟ್ಟು ಕೇಳಿ: “ಯಜಮಾನ್ರೇ, ಪಂಪು, ಗುಳಿಗೆ ಬಿಟ್ಟು ಬೇರೆ ಪುಡಿ, ಕಷಾಯ ಏನಾದ್ರೂ ತಗೋತೀರೇನ್ರಿ? ಬೈಯಂಗಿಲ್ಲ, ಹೇಳ್ರಿ.” ಬೈಯುವುದಿಲ್ಲ ಅನ್ನುವ ಮಾತು ಮುಖ್ಯ. ಹೆದರಿದವರು ಮುಚ್ಚಿಡುತ್ತಾರೆ. ಮುಂದಿನ ಸಲ ಪೊಟ್ಟಣ ತರಲು ಹೇಳಿ, ಬಿಪಿ ನೋಡಿ, ಪೊಟ್ಯಾಸಿಯಂ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಅವತ್ತೇ ಕೇಳಿ.